‘ಯಾವುದಾದರೂ ಒಳ್ಳೆಯ ಪುಸ್ತಕ ಕೊಡಿ’ ಎಂದವರಿಗೆ ಏನು ಕೊಡಬೇಕು?

ಪುಸ್ತಕದ ಹೆಸರು ಹೇಳಿ ಕೇಳುವ ಓದುಗರಿಂದ ಗ್ರಂಥಾಲಯದ ಮೇಲ್ವಿಚಾರಕರಿಗೆ ತೊಂದರೆಯೇ ಇಲ್ಲ. ಇದ್ದರೆ ತೆಗೆದು ಕೊಡುವುದು, ಇಲ್ಲದಿದ್ದರೆ ಇಲ್ಲವೆನ್ನುವುದು. ತಬ್ಬಿಬ್ಬಾಗುವುದು ‘ಯಾವುದಾದರೂ ಒಳ್ಳೆಯ ಪುಸ್ತಕ ಇದ್ದರೆ ಕೊಡಿ’ ಎಂದು ಬಂದು ನಿಲ್ಲುವವರ ಮುಂದೆ. ಆಗ ನಮ್ಮಲ್ಲಿ ಬಹಳಷ್ಟು ಮಂದಿ ‘ಅಲ್ಲಿದೆ, ನೋಡಿಕೊಳ್ಳಿ’ ಎಂದು ಬೀರುವಿನ ಕಡೆ ಕೈ ತೋರಿಸುತ್ತೇವೆ. ಇಲ್ಲವೇ ನಮಗೆ ಇಷ್ಟವಾದ ಯಾವುದೋ ದಪ್ಪ ಕಾದಂಬರಿಯನ್ನು ಅವರ ಕೈಗೆ ತುರುಕುತ್ತೇವೆ. ಎರಡರಲ್ಲಿ ಯಾವುದು ಮಾಡಿದರೂ ಆ ಓದುಗರು ಮತ್ತೆ ಬರುವುದು ಅನುಮಾನ.

ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಈಗ ಬಾಗಿಲ ಮೇಲಿನ ಫಲಕದಲ್ಲಿ ‘ಅರಿವು ಕೇಂದ್ರ’ ಎಂದಿರುತ್ತದೆ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಮಕ್ಕಳ ಕೈಗೆ ಕಾರ್ಡು ಬಂತು. ಕಾರ್ಡು ಹಿಡಿದು ನಿಂತ ಮಗುವಿಗೆ ಯಾವ ಪುಸ್ತಕ ಕೊಡಬೇಕೆಂಬುದನ್ನು ಮಾತ್ರ ಸುತ್ತೋಲೆ ಕಳಿಸಿ ಹೇಳಲಾಗದು. ಮೇಜಿನ ಹಿಂದೆ ಕುಳಿತವರೇ ಅದನ್ನು ಕಂಡುಕೊಳ್ಳಬೇಕು.

ಒಬ್ಬರೇ ಮೇಲ್ವಿಚಾರಕರು, ಒಂದೇ ಕೊಠಡಿ, ನಾಲ್ಕಾರು ಸ್ಟೀಲ್ ಬೀರುಗಳು ಇರುವ ಗ್ರಂಥಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಗರದ ಶಾಖಾ ಗ್ರಂಥಾಲಯಕ್ಕೂ ಶಾಲೆಯ ಓದುವ ಮೂಲೆಗೂ ಇದರಲ್ಲಿ ಹೆಚ್ಚಿನದು ಹೊಂದುತ್ತದೆ.

1. ಮೊದಲು ಬೀರುವಿನ ಬೀಗ ತೆಗೆಯಿರಿ

ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಪರಿಗ್ರಹಣ ವಹಿಯಲ್ಲಿ ಸಾವಿರಾರು ಹೆಸರುಗಳಿದ್ದರೂ ನಿಜವಾಗಿ ಓಡಾಡುವ ಪುಸ್ತಕಗಳು ಕೆಲವೇ. ಉಳಿದವು ಬೀಗ ಹಾಕಿದ ಬೀರುವಿನೊಳಗೆ ಬೆನ್ನು ತೋರಿಸಿಕೊಂಡು ನಿಂತಿರುತ್ತವೆ. ಬೀಗಕ್ಕೆ ಕಾರಣವಿಲ್ಲದಿಲ್ಲ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಮೇಲ್ವಿಚಾರಕರೇ, ದಾಸ್ತಾನು ಪರಿಶೀಲನೆಯಲ್ಲಿ ಕೊರತೆ ಕಂಡರೆ ಮಾತು ಕೇಳಬೇಕಾದವರೂ ಅವರೇ. ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಎಲ್ಲ ಬೀರುಗಳನ್ನೂ ತೆರೆದಿಡಲು ಧೈರ್ಯ ಸಾಲದಿದ್ದರೆ ಒಂದನ್ನಾದರೂ ತೆರೆಯಿರಿ, ಅದು ಮಕ್ಕಳದಾಗಿರಲಿ. ತೆಳು ಚಿತ್ರಪುಸ್ತಕಗಳು ಬೆಲೆಯಲ್ಲಿ ಅಗ್ಗ. ಹರಿಯುವುದು ಅವುಗಳ ಹಣೆಬರಹ. ಐದು ವರ್ಷ ಕಳೆದರೂ ಹೊಚ್ಚಹೊಸದಾಗಿ ಉಳಿದ ಮಕ್ಕಳ ಪುಸ್ತಕ ಕಂಡರೆ ನನಗೆ ಸಂತೋಷವಾಗುವುದಿಲ್ಲ.

ಬೀರು ತೆರೆದ ಮೇಲೆ ಪುಸ್ತಕಗಳ ಪರಿಚಯ ಮಾಡಿಕೊಳ್ಳಬೇಕು. ಎಲ್ಲವನ್ನೂ ಓದಿ ಮುಗಿಸುವುದು ಯಾರಿಂದಲೂ ಆಗದ ಕೆಲಸ. ದಿನಕ್ಕೊಂದು ಪುಸ್ತಕಕ್ಕೆ ಹದಿನೈದು ನಿಮಿಷ ಕೊಟ್ಟರೆ ಸಾಕು. ಬೆಳಿಗ್ಗೆ ದಿನಪತ್ರಿಕೆ ಓದುವವರ ಗದ್ದಲ ಕಳೆದು ಶಾಲೆ ಬಿಡುವುದಕ್ಕೆ ಮುಂಚಿನ ಹೊತ್ತು ಇದಕ್ಕೆ ಸರಿ. ಪರಿವಿಡಿ ನೋಡಿ, ಮೊದಲ ಅಧ್ಯಾಯ ಪೂರ್ತಿ ಓದಿ, ನಡುವಿನಿಂದ ಹತ್ತು ಪುಟ ಓದಿ. ಕೊನೆಯ ಪುಟ ಬೇಡ, ಓದುಗರೊಡನೆ ಮಾತಾಡುವಾಗ ಬಾಯಿ ತಪ್ಪಿ ಕತೆ ಹೇಳಿಬಿಡುತ್ತೇವೆ. ಬೆನ್ನುಡಿಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಕನ್ನಡ ಪುಸ್ತಕಗಳ ಬೆನ್ನುಡಿ ಲೇಖಕರು ಎಷ್ಟು ಸಂವೇದನಾಶೀಲರು ಎಂದು ಹೇಳುತ್ತದೆ, ಮುನ್ನುಡಿ ಅದನ್ನೇ ಇನ್ನಷ್ಟು ಉದ್ದವಾಗಿ ಹೇಳುತ್ತದೆ. ಒಳಗೆ ಏನು ನಡೆಯುತ್ತದೆ ಎಂದು ಎರಡೂ ಹೇಳುವುದು ಅಪರೂಪ.

ಓದಿದ್ದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ವಿಮರ್ಶೆ ಬೇಕಿಲ್ಲ. ಹೆಸರು, ಯಾವ ಬೀರು, ಎಷ್ಟು ಪುಟ, ಅಕ್ಷರ ದೊಡ್ಡದೋ ಸಣ್ಣದೋ, ಕತೆ ಬೇಗ ಓಡುತ್ತದೋ ನಿಧಾನವೋ, ಯಾವ ಸೀಮೆಯ ಭಾಷೆ, ಯಾರಿಗೆ ಹಿಡಿಸಬಹುದು, ಇಷ್ಟು ಸಾಕು. ‘ಸಾವಿನ ಸಂಗತಿ ಇದೆ, ಇತ್ತೀಚೆಗೆ ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡವರಿಗೆ ನೋಡಿ ಕೊಡಬೇಕು’ ಎಂಬಂಥ ಒಂದು ಸಾಲು ಮುಂದೆ ಎಷ್ಟೋ ಉಪಯೋಗಕ್ಕೆ ಬರುತ್ತದೆ.

ಪುಸ್ತಕದ ಹಿಂಬದಿಯ ದಿನಾಂಕದ ಚೀಟಿಯಲ್ಲಿ ಒಂದೂ ಮುದ್ರೆ ಬೀಳದ ಪುಸ್ತಕಗಳು ಸಿಗುತ್ತವೆ. ಸಗಟು ಖರೀದಿಯಲ್ಲಿ ಬಂದು ಹಾಗೆಯೇ ಉಳಿದವು. ಅವುಗಳಲ್ಲಿ ಕೆಲವು ಉಳಿಯಲು ತಕ್ಕವೇ. ಇನ್ನು ಕೆಲವನ್ನು ಯಾರಿಗೂ ಯಾರೂ ತೋರಿಸಿಯೇ ಇಲ್ಲ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎನ್ನುತ್ತದೆ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುತ್ತದೆ. ಗ್ರಂಥಾಲಯ ವಿಜ್ಞಾನ ಓದಿದವರೆಲ್ಲ ಇವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತಾರೆ. ಮುದ್ರೆ ಬೀಳದ ಚೀಟಿ ಕಂಡಾಗ ಮೂರನೆಯದನ್ನು ನೆನಪಿಸಿಕೊಂಡು ಆ ಪುಸ್ತಕವನ್ನು ಪಕ್ಕಕ್ಕೆ ತೆಗೆದಿಡಿ.

2. ಓದುಗರನ್ನು ಮಾತಾಡಿಸಿ

‘ಯಾವ ವಿಷಯದ ಪುಸ್ತಕ ಬೇಕು?’ ಎಂದು ಕೇಳಬೇಡಿ. ಓದುವ ರೂಢಿ ಇಲ್ಲದವರಿಗೆ ಇದು ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸುತ್ತದೆ. ಅವರು ತಡವರಿಸಿ ‘ಯಾವುದಾದರೂ ಸರಿ’ ಎನ್ನುತ್ತಾರೆ, ನಾವು ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತೇವೆ. ‘ನಿಮಗೆ ಯಾವ ಲೇಖಕರು ಇಷ್ಟ?’ ಎಂಬುದೂ ಅಷ್ಟೇ, ಗೊತ್ತಿಲ್ಲ ಎನ್ನಲು ನಾಚಿಕೆಪಡುತ್ತಾರೆ.

‘ಕೆಳಗಿಡಲಾಗದೆ ಓದಿದ್ದು ಅಂತ ಯಾವುದಾದರೂ ನೆನಪಿದೆಯೇ?’ ಎಂದು ಕೇಳಿ ನೋಡಿ. ಶಾಲೆಯಲ್ಲಿ ಓದಿದ ಪಾಠವಾದರೂ ಸರಿ, ವಾರಪತ್ರಿಕೆಯ ಧಾರಾವಾಹಿಯಾದರೂ ಸರಿ. ಒಂದು ಹೆಸರು ಹೊರಬಿದ್ದರೆ ‘ಅದರಲ್ಲಿ ಏನು ಹಿಡಿಸಿತು?’ ಎಂದು ಮುಂದುವರಿಸಿ. ಉತ್ತರದಲ್ಲಿ ವಿಷಯಕ್ಕಿಂತ ಹೆಚ್ಚಿನದು ಸಿಗುತ್ತದೆ. ತೇಜಸ್ವಿಯವರ ‘ಕರ್ವಾಲೊ’ ಇಷ್ಟವಾಯಿತು ಎಂದವರೆಲ್ಲ ಒಂದೇ ಜಾತಿಯ ಓದುಗರಲ್ಲ. ಒಬ್ಬರಿಗೆ ಅದರಲ್ಲಿ ಕಾಡು ಬೇಕು, ಮತ್ತೊಬ್ಬರಿಗೆ ಮಂದಣ್ಣನ ಪಡಿಪಾಟಲು ಬೇಕು, ಇನ್ನೊಬ್ಬರಿಗೆ ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನ ಬೇಕು. ಕಾಡು ಬೇಕೆಂದವರಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೊಡಬಹುದು. ಮಂದಣ್ಣ ಬೇಕೆಂದವರಿಗೆ ತೇಜಸ್ವಿಯವರದೇ ‘ಪರಿಸರದ ಕತೆ’ ಸರಿಹೋಗುತ್ತದೆ. ವಿಜ್ಞಾನದ ಕಡೆಯವರನ್ನು ಕನ್ನಡದ ವಿಜ್ಞಾನ ಬರಹಗಳ ಬೀರುವಿನ ಹತ್ತಿರ ಕರೆದುಕೊಂಡು ಹೋಗಬೇಕು. ಮೂವರಿಗೂ ‘ತೇಜಸ್ವಿಯವರ ಇನ್ನೊಂದು ಪುಸ್ತಕ’ ಎಂದು ಕೈಗೆ ಸಿಕ್ಕಿದ್ದನ್ನು ಕೊಟ್ಟರೆ ಇಬ್ಬರು ನಿರಾಶರಾಗುತ್ತಾರೆ.

ಪುಸ್ತಕವನ್ನೇ ಓದದವರಾದರೆ ಸಿನಿಮಾ, ಟಿ.ವಿ. ಧಾರಾವಾಹಿ, ಯಕ್ಷಗಾನ, ಕ್ರಿಕೆಟ್, ದನಕರು, ಅಡುಗೆ, ಯಾವುದರಿಂದ ಬೇಕಾದರೂ ಶುರುಮಾಡಿ. ಯಕ್ಷಗಾನ ನೋಡುವವರಿಗೆ ಪುರಾಣದ ಕತೆ ಗೊತ್ತು, ಹಾಗಾಗಿ ಮಹಾಭಾರತವನ್ನು ಬೇರೆ ಕಣ್ಣಿನಿಂದ ಕಾಣುವ ಕಾದಂಬರಿಯನ್ನು ಅವರು ಸಲೀಸಾಗಿ ಹಿಡಿಯುತ್ತಾರೆ. ಹೊಸಬರಿಗೆ ಅದರ ಹೆಸರುಗಳೇ ತಲೆನೋವು.

ಬೇಡದ್ದನ್ನೂ ಕೇಳಿಕೊಳ್ಳಿ. ‘ಗೋಳು ಬೇಡ’, ‘ಸಣ್ಣ ಅಕ್ಷರ ಬೇಡ’, ‘ಮೂರು ದಿನದಲ್ಲಿ ಮುಗಿಯಬೇಕು’ ಎಂಬವು ‘ಒಳ್ಳೆಯ ಪುಸ್ತಕ’ ಎಂಬುದಕ್ಕಿಂತ ಎಷ್ಟೋ ಪಾಲು ಖಚಿತವಾದ ಮಾತುಗಳು.

ಇನ್ನೊಂದು ವಿಷಯ. ಭೈರಪ್ಪನವರನ್ನು ಕೇಳಿಕೊಂಡು ಬಂದವರಿಗೆ ‘ಅನಂತಮೂರ್ತಿಯವರನ್ನು ಓದಿ’ ಎಂದು ಬುದ್ಧಿ ಹೇಳುವುದು, ಅನಂತಮೂರ್ತಿಯವರನ್ನು ಕೇಳಿದವರಿಗೆ ಅದರ ತಿರುಗುಮುರುಗು ಮಾಡುವುದು, ಎರಡೂ ಈ ಕುರ್ಚಿಯಲ್ಲಿ ಕುಳಿತವರ ಕೆಲಸವಲ್ಲ. ನಮ್ಮ ಒಲವು ನಮಗಿರಲಿ. ಬೀರುವಿನಲ್ಲಿ ಇಬ್ಬರೂ ಇರಬೇಕು, ಕೇಳಿದವರಿಗೆ ಕೇಳಿದ್ದು ಸಿಗಬೇಕು. ಜಾತಿ, ಧರ್ಮ, ಪಕ್ಷ ನೋಡಿ ‘ಇವರಿಗೆ ಇದು’ ಎಂದು ಅಂದಾಜು ಮಾಡುವುದಂತೂ ಕೂಡದು. ಊರಿನವರಿಗೆ ಅದು ಕೂಡಲೇ ತಿಳಿಯುತ್ತದೆ.

3. ಮೂರು ಪುಸ್ತಕ ಮುಂದಿಡಿ, ಎರಡು ವಾಕ್ಯ ಹೇಳಿ

ಒಂದೇ ಪುಸ್ತಕ ಕೊಟ್ಟರೆ ಆಜ್ಞೆ ಮಾಡಿದಂತಾಗುತ್ತದೆ, ಹತ್ತು ಕೊಟ್ಟರೆ ಗೊಂದಲ. ಮೂರು ಇಡಿ. ಕೇಳಿದ್ದಕ್ಕೆ ನೇರವಾಗಿ ಹೊಂದುವುದು ಒಂದು, ಅದರ ಪಕ್ಕದ್ದು ಒಂದು, ಅವರು ತಾವಾಗಿ ಎಂದೂ ಮುಟ್ಟದಂಥದ್ದು ಒಂದು. ಜನ ಮೊದಲನೆಯದನ್ನು ಎತ್ತಿಕೊಳ್ಳುವುದೇ ಹೆಚ್ಚು. ಮೂರನೆಯದನ್ನು ಎತ್ತಿಕೊಂಡ ದಿನ ನಿಮ್ಮ ನೋಟ್ ಪುಸ್ತಕದಲ್ಲಿ ಬರೆದಿಡಿ.

ಪ್ರತಿಯೊಂದಕ್ಕೂ ಎರಡು ವಾಕ್ಯ. ಮೊದಲನೆಯದರಲ್ಲಿ ಕತೆಯ ಬಾಗಿಲು, ಎರಡನೆಯದರಲ್ಲಿ ಓದುವ ಅನುಭವ. ‘ಕರ್ವಾಲೊ’ ಕೊಡುವಾಗ ‘ಇದು ಕನ್ನಡದ ಮೈಲಿಗಲ್ಲು, 1980ರಲ್ಲಿ ಬಂತು’ ಎಂದರೆ ಯಾರೂ ಕೈ ಚಾಚುವುದಿಲ್ಲ. ‘ಮೂಡಿಗೆರೆಯಲ್ಲಿ ಜೇನುತುಪ್ಪ ಕೊಳ್ಳಲು ಹೋದ ರೈತನೊಬ್ಬ ಕೊನೆಗೆ ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹೊಕ್ಕುತ್ತಾನೆ. ತೆಳುವಾದ ಪುಸ್ತಕ, ನಗುತ್ತಾ ನಗುತ್ತಾ ಓದಿಸಿಕೊಂಡು ಹೋಗುತ್ತದೆ’ ಎಂದು ಹೇಳಿ ನೋಡಿ.

ಹೆಸರಾಂತ ಕೃತಿಯಾದರೂ ಮೊದಲ ಓದಿಗೆ ಕಷ್ಟವೆನಿಸುವಂಥದ್ದಿದ್ದರೆ ಮುಚ್ಚಿಡಬೇಡಿ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯ ಹೆಸರು ಕೇಳಿ ಬರುವವರು ಅನೇಕರು. ಅದರ ನಂಜನಗೂಡು ಸೀಮೆಯ ಆಡುನುಡಿಗೆ ಕಿವಿ ಒಗ್ಗದವರು ನಾಲ್ಕನೆಯ ಪುಟಕ್ಕೆ ಮುಚ್ಚಿಟ್ಟು, ‘ನನಗೇ ಅರ್ಥವಾಗಲಿಲ್ಲ’ ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ‘ಮೊದಲು ಇವರದೇ ಒಡಲಾಳ ಓದಿ. ಸಾಕವ್ವ ಕಳೆದುಹೋದ ಹುಂಜ ಹುಡುಕುವ ಕತೆ, ನೂರು ಪುಟವೂ ಇಲ್ಲ. ಅದು ಹಿಡಿಸಿದರೆ ಇದನ್ನು ಒಯ್ಯಿರಿ, ಅಲ್ಲಲ್ಲಿ ಗಟ್ಟಿಯಾಗಿ ಓದಿಕೊಳ್ಳಿ’ ಎಂದರೆ ಎರಡು ಪುಸ್ತಕಕ್ಕೂ ಓದುಗರು ಸಿಗುತ್ತಾರೆ.

ಕೊನೆಗೆ ಒಂದು ಮಾತು ಮರೆಯದೆ ಹೇಳಿ: ‘ಹಿಡಿಸದಿದ್ದರೆ ಅರ್ಧಕ್ಕೇ ತಂದುಕೊಡಿ, ಬೇರೆ ಕೊಡುತ್ತೇನೆ.’ ಪುಸ್ತಕ ಒಯ್ದರೆ ಮುಗಿಸಲೇಬೇಕು ಎಂಬ ಹೆದರಿಕೆಯಿಂದ ಒಯ್ಯದೆ ಇರುವವರು ಬಹಳ.

4. ಮಕ್ಕಳಿಗೆ ಕೊಡುವಾಗ

ವಯಸ್ಸು ಕೇಳಿ ಪುಸ್ತಕ ಕೊಡುವುದು ಸುಲಭ, ಆದರೆ ಅದು ಸಾಲದು. ಐದನೆಯ ತರಗತಿಯಲ್ಲಿದ್ದೂ ಒತ್ತಕ್ಷರ ಬಂದಲ್ಲಿ ನಿಂತುಬಿಡುವ ಮಕ್ಕಳಿದ್ದಾರೆ, ಎರಡನೆಯ ತರಗತಿಯಲ್ಲೇ ದಿನಪತ್ರಿಕೆ ಓದುವವರೂ ಇದ್ದಾರೆ. ಕನ್ನಡದಲ್ಲಿ ಓದಿನ ಮೆಟ್ಟಿಲು ಎಲ್ಲಿದೆ ಎಂದು ತಿಳಿಯಲು ಕಾಗುಣಿತ ಮತ್ತು ಒತ್ತಕ್ಷರಗಳನ್ನು ನೋಡಬೇಕು. ‘ಮರದ ಮೇಲೆ ಕೋತಿ ಕೂತಿದೆ’ ಎಂಬ ಸಾಲಿನಲ್ಲಿ ಒಂದೂ ಒತ್ತಕ್ಷರವಿಲ್ಲ. ‘ವೃಕ್ಷದ ಮೇಲೆ ಮರ್ಕಟವು ಕುಳಿತಿತ್ತು’ ಎಂದಾಗ ಅದೇ ಕೋತಿಗೆ ವಟ್ರಸುಳಿ, ಕ್ಷಕಾರ, ಅರ್ಕಾವತ್ತು, ತಕಾರದ ಒತ್ತು ಎಲ್ಲವೂ ಸೇರಿಕೊಂಡವು. ಆಗತಾನೆ ಓದಲು ಕಲಿತ ಮಗು ಮೊದಲನೆಯ ಸಾಲನ್ನು ಓದಿ ನಗುತ್ತದೆ, ಎರಡನೆಯದನ್ನು ಓದುವಷ್ಟರಲ್ಲಿ ಕೋತಿ ಮರೆತುಹೋಗಿರುತ್ತದೆ. ದುರದೃಷ್ಟಕ್ಕೆ, ಮಕ್ಕಳಿಗೆಂದು ಬರುವ ನೀತಿಕತೆಯ ಅಗ್ಗದ ಪುಸ್ತಕಗಳಲ್ಲಿ ಎರಡನೆಯ ಬಗೆಯ ಕನ್ನಡವೇ ಹೆಚ್ಚು. ಮಕ್ಕಳ ಬೀರು ಜೋಡಿಸುವಾಗ ಪ್ರತಿ ಪುಸ್ತಕದ ಒಂದು ಪುಟ ತೆರೆದು ಒತ್ತಕ್ಷರಗಳ ಮೇಲೆ ಕಣ್ಣಾಡಿಸಿ. ಯಾವುದು ಯಾರಿಗೆ ಎಂದು ತಾನಾಗಿ ಗೊತ್ತಾಗುತ್ತದೆ.

ಮಗುವಿಗೇ ಪರೀಕ್ಷಿಸಿಕೊಳ್ಳಲು ಕಲಿಸಬಹುದಾದ ಒಂದು ಉಪಾಯವಿದೆ. ಯಾವುದಾದರೂ ಪುಟ ತೆರೆದು ಓದಲಿ, ತಡೆದು ನಿಂತ ಪ್ರತಿ ಪದಕ್ಕೂ ಒಂದು ಬೆರಳು ಮಡಚಲಿ. ಪುಟ ಮುಗಿಯುವುದರೊಳಗೆ ಐದೂ ಬೆರಳು ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಕಷ್ಟ. ಹಾಗೆಂದು ಕಿತ್ತುಕೊಳ್ಳಬೇಡಿ. ಚಿತ್ರ ನೋಡಲು, ಅಕ್ಕನಿಂದಲೋ ಅಜ್ಜಿಯಿಂದಲೋ ಓದಿಸಿಕೊಳ್ಳಲು ಒಯ್ಯಲಿ, ಜೊತೆಗೆ ತಾನೇ ಓದಿಕೊಳ್ಳುವ ಇನ್ನೊಂದನ್ನು ಕೊಡಿ.

ಹೊಸ ಪುಸ್ತಕ ಬರುವವರೆಗೆ ಕಾಯಲಾಗದಿದ್ದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕತೆಗಳು ಚಿತ್ರಸಹಿತ ಉಚಿತವಾಗಿ ಸಿಗುತ್ತವೆ. ಮುದ್ರಿಸಿಕೊಂಡು ಪಿನ್ ಹೊಡೆದು ಇಟ್ಟುಕೊಳ್ಳಲೂ ಅನುಮತಿ ಇದೆ. ಅಲ್ಲಿ ಕತೆಗಳಿಗೆ ನಾಲ್ಕು ಹಂತಗಳಿವೆ: ಸುಮಾರು 250 ಪದಗಳವರೆಗಿನದು ಮೊದಲ ಹಂತ, 600ರವರೆಗೆ ಎರಡನೆಯದು, 1500ರವರೆಗೆ ಮೂರನೆಯದು, ಅದಕ್ಕೂ ಉದ್ದವಾದದ್ದು ನಾಲ್ಕನೆಯದು. ನಿಮ್ಮ ಬೀರುವಿಗೂ ಇದೇ ಅಳತೆ ಹಾಕಿ, ಬೆನ್ನಿಗೆ ನಾಲ್ಕು ಬಣ್ಣದ ಸ್ಟಿಕ್ಕರ್ ಅಂಟಿಸಿದರೆ ಮಕ್ಕಳು ತಾವೇ ಹುಡುಕಿಕೊಳ್ಳುತ್ತಾರೆ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ವಿಂಗಡಿಸುವ ಡ್ಯೂಯಿ ದಶಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814 ಎಂಬುದು ನಮಗೆ ಬೇಕಾದ ವಿಷಯ. ಎಂಟು ವರ್ಷದ ಹುಡುಗಿಗೆ ಹಸಿರು ಸ್ಟಿಕ್ಕರ್ ಸಾಕು. ಬಣ್ಣವನ್ನು ‘ದಡ್ಡರ ಬಣ್ಣ, ಜಾಣರ ಬಣ್ಣ’ ಮಾಡಲು ಮಾತ್ರ ಬಿಡಬೇಡಿ. ದೊಡ್ಡ ಹುಡುಗರೂ ಹಸಿರನ್ನು ಎತ್ತಿಕೊಳ್ಳುವಂತಿರಬೇಕು.

ಮನೆಮಾತು ಕನ್ನಡವಲ್ಲದ ಮಕ್ಕಳು ರಾಜ್ಯದ ಯಾವ ಮೂಲೆಯಲ್ಲೂ ಇದ್ದಾರೆ. ಉರ್ದು, ತುಳು, ಕೊಂಕಣಿ, ತೆಲುಗು, ಮರಾಠಿ, ಲಂಬಾಣಿ ಆಡುವ ಮಕ್ಕಳಿಗೆ ಚಿತ್ರವೇ ಕತೆ ಹೇಳುವ ಪುಸ್ತಕದಿಂದ ಶುರುಮಾಡಿ, ಚಿತ್ರ ತೋರಿಸುತ್ತಾ ಕತೆಯನ್ನು ಅವರ ಮಾತಿನಲ್ಲೇ ಹೇಳಲು ಬಿಡಿ.

ಕಾಮಿಕ್ಸ್ ಕೇಳುವ ಮಕ್ಕಳನ್ನು ಕಂಡರೆ ಮೂಗು ಮುರಿಯುವ ಮೇಷ್ಟರುಗಳಿಗೆ ಒಂದು ಸುದ್ದಿ. ಅಮರ ಚಿತ್ರಕಥೆ 1960ರ ದಶಕದಲ್ಲಿ ಮೊದಲು ಬಂದದ್ದು ಕನ್ನಡದಲ್ಲೇ, ವಿದೇಶಿ ಕಿನ್ನರ ಕತೆಗಳ ರೂಪದಲ್ಲಿ. ಅದರಿಂದಾಗಿಯೇ ಇಂಗ್ಲಿಷ್ ಸರಣಿಯ ಮೊದಲ ಪುಸ್ತಕ ‘ಕೃಷ್ಣ’ದ ಸಂಖ್ಯೆ 11. ಚಿತ್ರಕತೆಗಳನ್ನು ಓದಿದ ಮಕ್ಕಳು ಓದುಗರಾಗಿಯೇ ಬೆಳೆದಿದ್ದಾರೆ. ಕೊಡಿ.

ತಂದೆತಾಯಿಯರ ಬೇಡಿಕೆ ಬೇರೆ ಇರುತ್ತದೆ: ಸಾಮಾನ್ಯ ಜ್ಞಾನದ ಪುಸ್ತಕ, ನೀತಿಕತೆ, ಇಂಗ್ಲಿಷ್ ವ್ಯಾಕರಣ. ಅವರೊಡನೆ ವಾದಕ್ಕೆ ಇಳಿಯಬೇಡಿ. ‘ಒಂದು ನೀವು ಆರಿಸಿ ಅಮ್ಮ, ಒಂದು ಅವನೇ ಆರಿಸಲಿ’ ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಮನೆಯಲ್ಲಿ ಮಲಗುವಾಗ ಓದಿ ಹೇಳುವವರು ಇದ್ದರೆ ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ಯನ್ನು ಅವರ ಕೈಗಿಡಿ. ವರ್ಷದ ಪ್ರತಿ ದಿನಕ್ಕೂ ಒಂದು ಪುಟ್ಟ ಕತೆ ಇರುವುದರಿಂದ, ದುಡಿದು ದಣಿದು ಬಂದ ಅಪ್ಪನೂ ನಿಭಾಯಿಸಬಲ್ಲ.

ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನವೋ ಭಾನುವಾರ ಬೆಳಿಗ್ಗೆಯೋ, ಹತ್ತು ನಿಮಿಷ ಗಟ್ಟಿಯಾಗಿ ಓದಿ ಹೇಳಿ. ಕತೆಯ ಬಿಸಿ ಏರಿದ ಜಾಗದಲ್ಲಿ ಪುಸ್ತಕ ಮುಚ್ಚಿ. ‘ಮುಂದೇನಾಯಿತು ಅಕ್ಕ?’ ಎಂದರೆ ‘ಪುಸ್ತಕ ಇಲ್ಲೇ ಇದೆಯಲ್ಲ’ ಎಂದು ಮೇಜಿನ ಮೇಲಿಡಿ. ಯಾರು ಮೊದಲು ಒಯ್ಯಬೇಕೆಂದು ಜಗಳ ಹತ್ತುತ್ತದೆ, ಸರದಿ ಪಟ್ಟಿ ಬರೆಯಲು ಪೆನ್ನು ಸಿದ್ಧವಿಟ್ಟುಕೊಳ್ಳಿ.

5. ದೊಡ್ಡವರಲ್ಲಿ ಹಲವು ಬಗೆ

ಗ್ರಂಥಾಲಯದಲ್ಲಿ ಅತಿ ಹೆಚ್ಚು ಹೊತ್ತು ಕೂರುವವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರು. ಅವರಿಗೆ ಗೈಡು ಕೊಡುವಾಗ ಮೊದಲು ಮುದ್ರಣದ ವರ್ಷ ನೋಡಿ. ಹಳೆಯ ಜನಗಣತಿ, ಹಳೆಯ ಮಂತ್ರಿಮಂಡಲ ಇರುವ ಗೈಡು ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಬುನಾದಿಗೆ ಆರರಿಂದ ಹತ್ತನೆಯ ತರಗತಿಯವರೆಗಿನ ಸಮಾಜ ವಿಜ್ಞಾನ ಮತ್ತು ವಿಜ್ಞಾನದ ಪಠ್ಯಪುಸ್ತಕಗಳ ಒಂದು ಕಟ್ಟು ಬೇರೆಯೇ ಇರಲಿ. ಊರಿನ ಶಾಲೆಯಲ್ಲಿ ಹಳೆಯ ಪ್ರತಿಗಳು ಸಿಗುತ್ತವೆ, ಕೇಳಿ ಪಡೆಯಿರಿ.

ವಯಸ್ಸಾದವರಿಗೆ ಕೊಡುವಾಗ ಪುಸ್ತಕವನ್ನು ಕೈಯಲ್ಲಿ ಎತ್ತಿ ನೋಡಿ. ಆರುನೂರು ಪುಟದ ರಟ್ಟು ಕಟ್ಟಿದ ಕಾದಂಬರಿಯನ್ನು ಎದೆಯ ಮೇಲಿಟ್ಟುಕೊಂಡು ಓದುವುದು ಎಪ್ಪತ್ತು ದಾಟಿದವರ ಮಣಿಕಟ್ಟಿಗೆ ಶಿಕ್ಷೆ. ಅಕ್ಷರ ದೊಡ್ಡದಿರಬೇಕು, ಸಾಲುಗಳ ನಡುವೆ ಜಾಗವಿರಬೇಕು, ಕಾಗದ ಮಿರಿಮಿರಿ ಮಿಂಚಬಾರದು. ಪ್ರಬಂಧ, ನೆನಪಿನ ಬರಹ, ಪ್ರವಾಸ ಕಥನಗಳು ಅವರಿಗೆ ಹೊಂದುತ್ತವೆ, ಎಲ್ಲಿ ನಿಲ್ಲಿಸಿದರೂ ನಷ್ಟವಿಲ್ಲ. ಮೇಜಿನ ಡ್ರಾಯರಿನಲ್ಲಿ ಒಂದು ಭೂತಕನ್ನಡಿ ಇಟ್ಟಿರಿ.

ಹೆಂಗಸರು ಗ್ರಂಥಾಲಯಕ್ಕೆ ಬರುವುದು ಕಡಿಮೆ ಎಂಬ ದೂರು ಎಲ್ಲ ಕಡೆ ಕೇಳುತ್ತೇವೆ. ಬಾಗಿಲಲ್ಲೇ ನಾಲ್ಕು ಮಂದಿ ಗಂಡಸರು ಪತ್ರಿಕೆ ಹರಡಿಕೊಂಡು ರಾಜಕೀಯ ಮಾತಾಡುತ್ತಿದ್ದರೆ ಹೇಗೆ ಬಂದಾರು? ಸ್ವಸಹಾಯ ಸಂಘದ ಸಭೆ ನಡೆಯುವಲ್ಲಿಗೆ ಒಂದು ಚೀಲದಲ್ಲಿ ಹದಿನೈದು ಪುಸ್ತಕ ಒಯ್ಯಿರಿ. ತ್ರಿವೇಣಿಯವರ ಕಾದಂಬರಿಗಳು ಇಂದಿಗೂ ಕೈಯಿಂದ ಕೈಗೆ ದಾಟುತ್ತವೆ. ಅವುಗಳ ಜೊತೆ ಹೊಲಿಗೆ, ಅಡುಗೆ, ಆರೋಗ್ಯದ ಪುಸ್ತಕವೂ ಇರಲಿ, ಹೆಣ್ಣುಮಕ್ಕಳ ಆಸ್ತಿ ಹಕ್ಕಿನಂಥ ಕಾನೂನಿನ ಪುಸ್ತಕವೂ ಇರಲಿ. ‘ಹೆಂಗಸರ ಪುಸ್ತಕ’ ಎಂದು ಅಡುಗೆಯದನ್ನಷ್ಟೇ ಒಯ್ದರೆ ನಿಮ್ಮ ಲೆಕ್ಕ ತಪ್ಪುತ್ತದೆ.

ಸುದ್ದಿಯಲ್ಲಿ ಬಂದ ಪುಸ್ತಕ ಕೇಳಿಕೊಂಡು ಬರುವವರು ಇನ್ನೊಂದು ಬಗೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ‘ಆ ಬೂಕರ್ ಪುಸ್ತಕ ಇದೆಯೇ?’ ಎಂಬ ಪ್ರಶ್ನೆ ಸಹಜವಾಗಿಯೇ ಬಂತು. ಪ್ರಶಸ್ತಿ ಪಡೆದದ್ದು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಸಂಕಲನ. ಅದರಲ್ಲಿರುವುದು ಬಾನು ಅವರು ಮೂರು ದಶಕಗಳಲ್ಲಿ ಬರೆದ ಕನ್ನಡ ಕತೆಗಳಿಂದ ಆಯ್ದ 12 ಕತೆಗಳು. ಹಾಗಾಗಿ ಇಲ್ಲವೆನ್ನುವ ಬದಲು, ಅವರ ಹಳೆಯ ಕಥಾಸಂಕಲನ ಯಾವುದಾದರೂ ಬೀರುವಿನಲ್ಲಿದೆಯೇ ಎಂದು ನೋಡಿ, ‘ಅವರ ಕತೆಗಳು ಮೂಲದಲ್ಲೇ ಇವೆ, ತೆಗೆದುಕೊಳ್ಳಿ’ ಎನ್ನಿ.

ಯಾರು ಏನು ಒಯ್ದರು ಎಂಬುದು ಮೇಜಿನಿಂದಾಚೆ ಹೋಗಬಾರದು. ಊರು ಸಣ್ಣದು. ವಿಚ್ಛೇದನದ ಕಾನೂನು, ಕುಡಿತ ಬಿಡಿಸುವ ಬಗೆ, ಮುಟ್ಟು, ಮಾನಸಿಕ ಆರೋಗ್ಯ, ಇಂಥ ಪುಸ್ತಕ ಕೇಳಿದವರಿಗೆ ದನಿ ತಗ್ಗಿಸಿ ಉತ್ತರಿಸಿ, ಪತ್ರಿಕೆಯ ಮಡಿಕೆಯಲ್ಲಿಟ್ಟು ಕೊಡಿ. ಎರವಲು ವಹಿಯನ್ನು ಎಲ್ಲರೂ ತಿರುವಿ ಹಾಕುವಂತೆ ಮೇಜಿನ ಮೇಲೆ ಬಿಟ್ಟಿರಬೇಡಿ.

6. ಒಂದು ಮೇಜು, ಕೆಲವು ಚೀಟಿ

ಬಾಯಿಬಿಟ್ಟು ಕೇಳದವರಿಗಾಗಿ ‘ನಮ್ಮ ಸಿಬ್ಬಂದಿಯ ಆಯ್ಕೆ’ ಎಂಬ ಒಂದು ಸಣ್ಣ ಮೇಜು ಮಾಡಿ. ಅದನ್ನು ಗೋಡೆಯ ಮೂಲೆಗೆ ತಳ್ಳಬೇಡಿ, ದಿನಪತ್ರಿಕೆಯ ಮೇಜಿನ ಪಕ್ಕದಲ್ಲೇ ಇಡಿ. ಪತ್ರಿಕೆಗೆಂದು ಬಂದವರು ಅದರ ಸರದಿ ಕಾಯುವಾಗ ಕೈ ತಾನಾಗಿ ಪಕ್ಕಕ್ಕೆ ಹೋಗುತ್ತದೆ. ಎಂಟು ಹತ್ತು ಪುಸ್ತಕ ಸಾಕು, ಎಲ್ಲವೂ ಮುಖಪುಟ ಕಾಣುವಂತೆ ನಿಂತಿರಬೇಕು. ಮೇಜಿಗೆ ಜಾಗವಿಲ್ಲದಿದ್ದರೆ ಎರಡು ಮೊಳೆಗಳ ನಡುವೆ ನೈಲಾನ್ ಹಗ್ಗ ಕಟ್ಟಿ, ಮಕ್ಕಳ ತೆಳು ಪುಸ್ತಕಗಳನ್ನು ಬಟ್ಟೆಯ ಕ್ಲಿಪ್ ಹಾಕಿ ತೂಗುಬಿಡಿ. ಎರಡು ವಾರಕ್ಕೊಮ್ಮೆ ಬದಲಿಸಿ. ಮೇಜಿನ ಮೇಲಿನ ಪುಸ್ತಕ ಪ್ರದರ್ಶನಕ್ಕಲ್ಲ, ಕೇಳಿದ ತಕ್ಷಣ ಕೊಡಬೇಕು. ‘ಅದು ಡಿಸ್‌ಪ್ಲೇಗೆ ಇಟ್ಟದ್ದು’ ಎಂದು ಓದುಗರನ್ನು ವಾಪಸು ಕಳಿಸುವುದಾದರೆ ಮೇಜೇ ಬೇಡ.

ಪ್ರತಿ ಪುಸ್ತಕದ ಜೊತೆ ಎ4 ಹಾಳೆಯ ಕಾಲು ಭಾಗದಷ್ಟು ಒಂದು ಚೀಟಿ, ಕೈಬರಹದಲ್ಲಿ. ಹೀಗೆ:

‘ಹಸುರು ಹೊನ್ನು – ಬಿ.ಜಿ.ಎಲ್. ಸ್ವಾಮಿ. ಸಸ್ಯಶಾಸ್ತ್ರ ಎಂದು ಹೆದರಬೇಡಿ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವ ಮೇಷ್ಟರು ಗಿಡದ ಬಗ್ಗೆ ಹೇಳುತ್ತಲೇ ನಗಿಸುತ್ತಾರೆ. ತೋಟ ಇರುವವರಿಗೆ, ಕಾಲೇಜು ಪ್ರವಾಸ ಮರೆಯದವರಿಗೆ. ಒಂದೊಂದೇ ಅಧ್ಯಾಯ ಓದಿಕೊಳ್ಳಬಹುದು. ಬೀರು 3, ಎರಡನೆಯ ಖಾನೆ.’

‘ಅದ್ಭುತ’, ‘ಪ್ರತಿಯೊಬ್ಬರೂ ಓದಲೇಬೇಕಾದ ಕೃತಿ’ ಎಂಬ ಮಾತು ಚೀಟಿಯಲ್ಲಿ ಬರಕೂಡದು, ಅವು ಬೆನ್ನುಡಿಯಲ್ಲೇ ಇರಲಿ. ಓದದ ಪುಸ್ತಕಕ್ಕೆ ಚೀಟಿ ಬರೆಯಬೇಡಿ. ಪಂಚಾಯಿತಿಯ ಪಿಡಿಒ, ಅಂಗನವಾಡಿಯ ಟೀಚರ್, ಹಾಲಿನ ಡೇರಿಯ ಕಾರ್ಯದರ್ಶಿ, ಓದುವವರು ಯಾರಿದ್ದರೂ ಅವರಿಂದಲೂ ಬರೆಸಿ. ಮಕ್ಕಳ ಪುಸ್ತಕದ ಚೀಟಿಯನ್ನು ಮಕ್ಕಳೇ ಬರೆಯಲಿ, ಕಾಗುಣಿತ ತಪ್ಪಿದ್ದರೂ ತಿದ್ದಬೇಡಿ. ‘ಇದರಲ್ಲಿ ದೆವ್ವ ಇದೆ ಆದರೆ ಬಯ ಆಗಲ್ಲ’ ಎಂಬ ಚೀಟಿ ಮಾಡುವ ಕೆಲಸವನ್ನು ನಮ್ಮ ನಿಮ್ಮ ಬರಹ ಮಾಡಲಾರದು.

ನಾಡಹಬ್ಬ, ಮಕ್ಕಳ ದಿನಾಚರಣೆ, ಲೇಖಕರ ಜನ್ಮದಿನದ ಪ್ರದರ್ಶನಗಳನ್ನು ಇಲಾಖೆ ಹೇಗೂ ಮಾಡಿಸುತ್ತದೆ. ಅದರ ನಡುವೆ ಊರಿನ ಕಾಲಮಾನವನ್ನೂ ನೋಡಿಕೊಳ್ಳಿ. ಮುಂಗಾರಿಗೆ ಮುಂಚೆ ಮಣ್ಣು ಮತ್ತು ಬೀಜದ ಪುಸ್ತಕ, ಜಾತ್ರೆಯ ವಾರ ತೆಳು ಕತೆಯ ಪುಸ್ತಕ, ಪರೀಕ್ಷೆ ಮುಗಿದ ಮಾರನೆಯ ದಿನ ಮಕ್ಕಳಿಗೆ ಸಾಹಸದ ಕತೆ.

7. ಪುಸ್ತಕ ವಾಪಸು ಬಂದಾಗ

‘ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’ ಎಂಬ ಉತ್ತರ ಬರುತ್ತದೆ, ಓದಿರಲಿ ಬಿಡಲಿ. ‘ಎಲ್ಲಿಯವರೆಗೆ ಹೋಯಿತು?’ ಎಂದು ಕೇಳಿ. ‘ಅರ್ಧಕ್ಕೆ ನಿಲ್ಲಿಸಿದೆ’ ಎಂದರೆ ಮುಖ ಸಣ್ಣ ಮಾಡಬೇಡಿ, ಯಾವ ಜಾಗದಲ್ಲಿ, ಯಾಕೆ ಎಂದು ವಿಚಾರಿಸಿ. ಪಾತ್ರಗಳು ಹೆಚ್ಚಾದವೋ, ಭಾಷೆ ತೊಡಕಾಯಿತೋ, ಮನೆಯಲ್ಲಿ ಮದುವೆ ಬಂತೋ. ಮುಂದಿನ ಪುಸ್ತಕ ಆರಿಸಲು ಇದಕ್ಕಿಂತ ಒಳ್ಳೆಯ ಸುಳಿವು ಇಲ್ಲ. ನಿಮ್ಮ ನೋಟ್ ಪುಸ್ತಕದಲ್ಲಿ ಪುಸ್ತಕದ ಹೆಸರಿನ ಮುಂದೆ ಅದನ್ನು ಬರೆಯಿರಿ, ಓದುಗರ ಹೆಸರು ಬೇಕಿಲ್ಲ.

ಅದೇ ನೋಟ್ ಪುಸ್ತಕದ ಕೊನೆಯ ಹಾಳೆಗಳಲ್ಲಿ ಇನ್ನೊಂದು ಪಟ್ಟಿ ಬೆಳೆಸಿ: ಕೇಳಿದರು, ನಮ್ಮಲ್ಲಿ ಇರಲಿಲ್ಲ. ತುರ್ತಾಗಿ ಬೇಕಾದವರಿಗೆ 2020ರಲ್ಲಿ ಶುರುವಾದ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯದ ಆ್ಯಪ್ ಅನ್ನು ಮೊಬೈಲಿಗೆ ಹಾಕಿಕೊಟ್ಟು ಹುಡುಕುವುದನ್ನು ತೋರಿಸಿ, ಅಥವಾ ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ವಿಚಾರಿಸಿ. ಉಳಿದದ್ದನ್ನು ದಿನಾಂಕ ಹಾಕಿ, ಒಂದೇ ಪುಸ್ತಕವನ್ನು ಎಷ್ಟು ಜನ ಕೇಳಿದರು ಎಂದು ಗೆರೆ ಎಳೆದು ಇಟ್ಟುಕೊಳ್ಳಿ. ಪಂಚಾಯಿತಿಯಲ್ಲಿ ಪುಸ್ತಕ ಖರೀದಿಯ ಮಾತು ಬಂದ ದಿನ, ಅಥವಾ ಊರಿನಿಂದ ಹೊರಗೆ ಹೋಗಿ ನೆಲೆಸಿದವರು ‘ಗ್ರಂಥಾಲಯಕ್ಕೆ ಏನಾದರೂ ಕೊಡುತ್ತೇವೆ’ ಎಂದು ಫೋನ್ ಮಾಡಿದ ದಿನ, ಆ ಪಟ್ಟಿಯ ಹತ್ತು ಹೆಸರುಗಳನ್ನು ಪ್ರಕಾಶಕರ ಹೆಸರು ಮತ್ತು ಬೆಲೆಯ ಸಮೇತ ಕೊಡಿ. ಪಟ್ಟಿ ಸಿದ್ಧವಿಲ್ಲದಿದ್ದರೆ ಅವರು ಮನೆಯ ಅಟ್ಟದಲ್ಲಿದ್ದ ಹಳೆಯ ಗೈಡುಗಳನ್ನೇ ಕಳಿಸುತ್ತಾರೆ.